ದೀಪ ಯಾರ ಮುಖದ ಮುಂದೆ? ಮಕ್ಕಳ ಚಿತ್ರಕಥೆಗಳಲ್ಲಿ ಕಿವುಡ ಪಾತ್ರಗಳು

ತಿಪಟೂರಿನ ಹತ್ತಿರ ನಮ್ಮ ದೊಡ್ಡಪ್ಪನ ಮನೆ. ಬೇಸಿಗೆ ರಜೆ ಬಂತೆಂದರೆ ನಾವು ಏಳೆಂಟು ಮಕ್ಕಳು ಅಲ್ಲೇ ಠಿಕಾಣಿ ಹೂಡುತ್ತಿದ್ದೆವು. ದೊಡ್ಡಪ್ಪನಿಗೆ ಕಿವಿ ಮಂದ. "ದೊಡ್ಡಪ್ಪ, ಹಾಲು ಬಂತಾ?" ಅಂದರೆ "ಹಾವಾ? ಎಲ್ಲಿ?" ಅಂತ ಎದ್ದು ನಿಲ್ಲುತ್ತಿದ್ದರು. ನಾವು ಬಿದ್ದು ಬಿದ್ದು ನಗುತ್ತಿದ್ದೆವು, ಅವರೂ ಸೇರಿ ನಗುತ್ತಿದ್ದರು. ಆದರೆ ರಾತ್ರಿ ಕರೆಂಟ್ ಹೋದ ಕೂಡಲೇ ಅವರು ಮೌನ. ಏನು ಕೇಳಿದರೂ ಉತ್ತರ ಇಲ್ಲ. ಏನೋ ಸಿಟ್ಟು ಬಂದಿರಬೇಕು ಅಂದುಕೊಳ್ಳುತ್ತಿದ್ದೆವು. ದೊಡ್ಡಮ್ಮ ಸೀಮೆಎಣ್ಣೆ ಬುಡ್ಡಿ ಹಚ್ಚಿ ತಂದರೆ, ದೊಡ್ಡಪ್ಪ ಅದನ್ನು ಇಸಿದುಕೊಂಡು ತಮ್ಮ ಪಕ್ಕ ಇಟ್ಟುಕೊಳ್ಳುತ್ತಿರಲಿಲ್ಲ. ಮಾತಾಡುವವರ ಮುಖದ ಮುಂದೆ ಇಡುತ್ತಿದ್ದರು.

ಅದು ಯಾಕೆ ಅಂತ ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ, ಅಮೆರಿಕದ ಒಂದು ಮಕ್ಕಳ ಚಿತ್ರಕಥೆ ಓದುವಾಗ. ಸೀಸೀ ಬೆಲ್ ಬರೆದು ಚಿತ್ರ ಹಾಕಿದ 'ಎಲ್ ಡೆಫೊ', 2014ರ ಪುಸ್ತಕ. ಅದರಲ್ಲಿ ಹುಡುಗಿಯರೆಲ್ಲ ಗೆಳತಿಯ ಮನೆಯಲ್ಲಿ ರಾತ್ರಿ ಉಳಿಯುವ ಒಂದು ಪ್ರಸಂಗ ಇದೆ. ದೀಪ ಆರುತ್ತದೆ. ಉಳಿದವರಿಗೆ ಹರಟೆ ಆಗ ಶುರು. ಕಥೆಯ ಹುಡುಗಿಗೆ ಆಗ ಮುಗಿಯಿತು. ಅವಳು ಮಾತನ್ನು ಅರ್ಧ ಕಿವಿಯಿಂದ, ಅರ್ಧ ತುಟಿ ನೋಡಿ ಹಿಡಿಯುವವಳು. ಕತ್ತಲಲ್ಲಿ ತುಟಿ ಎಲ್ಲಿ ಕಾಣಬೇಕು? ದೊಡ್ಡಪ್ಪನಿಗೆ ಸಿಟ್ಟೂ ಇರಲಿಲ್ಲ, ಏನೂ ಇರಲಿಲ್ಲ. ನಮ್ಮ ತುಟಿ ಕಾಣುತ್ತಿರಲಿಲ್ಲ, ಅಷ್ಟೇ.

ಮಕ್ಕಳ ಪುಸ್ತಕಗಳಲ್ಲಿ ಎಲ್ಲ ಥರದ ಮಕ್ಕಳೂ ಇರಬೇಕು ಅನ್ನುವ ಮಾತು ಕೆಲವು ವರ್ಷಗಳಿಂದ ಜೋರಾಗಿದೆ. ಒಳ್ಳೆಯದೇ. ಆದರೆ ಆ ಚರ್ಚೆ ಹೆಚ್ಚಾಗಿ ತಲೆ ಎಣಿಸುವುದರಲ್ಲೇ ಮುಗಿಯುತ್ತದೆ. ಗಾಲಿಕುರ್ಚಿಯ ಒಬ್ಬ ಹುಡುಗ, ಕಿವಿ ಮಿಷನ್ ಹಾಕಿದ ಒಬ್ಬಳು ಹುಡುಗಿ, ಮುಖಪುಟದಲ್ಲಿ ನಗುತ್ತಾ ನಿಂತರೆ ಕೆಲಸ ಆಯಿತು. ಕಿವುಡ ಪಾತ್ರದ ವಿಷಯದಲ್ಲಿ ನನಗೆ ಬೇರೆಯೇ ಎರಡು ಪ್ರಶ್ನೆ ಮುಖ್ಯ ಅನಿಸುತ್ತವೆ. ಬರೆದವರಿಗೆ ದೀಪ ಎಲ್ಲಿಡಬೇಕು ಅಂತ ಗೊತ್ತಿದೆಯಾ? ಮತ್ತೆ, ಆ ಪುಸ್ತಕವನ್ನು ಕಿವುಡ ಮಗು ಓದಬಹುದಾ?

'ಎಲ್ ಡೆಫೊ' ಸೀಸೀ ಬೆಲ್ ಅವರ ಬಾಲ್ಯದ ಕಥೆಯೇ. ನಾಲ್ಕು ವರ್ಷದವರಿದ್ದಾಗ ಮೆದುಳು ಜ್ವರ ಬಂದು ಕಿವಿ ಹೋಯಿತು. 1970ರ ದಶಕ. ಶಾಲೆಗೆ ಹೋಗುವಾಗ ಎದೆಗೆ 'ಫೋನಿಕ್ ಇಯರ್' ಅನ್ನುವ ದೊಡ್ಡ ಡಬ್ಬಿ, ಅದರಿಂದ ಕಿವಿಗೆ ವೈರು, ಟೀಚರ ಕೊರಳಲ್ಲಿ ಅದರ ಮೈಕು. ಟೀಚರು ಮೈಕು ತೆಗೆಯಲು ಮರೆತು ಹೊರಗೆ ಹೋದರೆ, ಅವರು ಎಲ್ಲಿ ಹೋದರೂ, ಬಾತ್‌ರೂಮಿಗೆ ಹೋದರೂ, ಆ ಸದ್ದೆಲ್ಲ ಹುಡುಗಿಯ ಕಿವಿಗೆ ಬರುತ್ತದೆ. ಇಡೀ ತರಗತಿಯಲ್ಲಿ ಬೇರೆ ಯಾರಿಗೂ ಇಲ್ಲದ ಶಕ್ತಿ! ಅದಕ್ಕೇ ಅವಳು ತನಗೆ ತಾನೇ 'ಎಲ್ ಡೆಫೊ' ಅನ್ನುವ ಸೂಪರ್‌ಹೀರೊ ಹೆಸರಿಟ್ಟುಕೊಳ್ಳುತ್ತಾಳೆ. ಪಾತ್ರಗಳೆಲ್ಲ ಮೊಲಗಳು. ಎಲ್ಲರಿಗೂ ಉದ್ದುದ್ದ ಕಿವಿ, ಆ ಕಿವಿಗಳಲ್ಲಿ ಒಂದು ಜೊತೆ ಮಾತ್ರ ಕೆಲಸ ಮಾಡುವುದಿಲ್ಲ. ಕಿವುಡುತನವನ್ನು ಚಿತ್ರದಲ್ಲಿ ತೋರಿಸಲು ಇದಕ್ಕಿಂತ ಸರಳ ಉಪಾಯ ನಾನು ಕಂಡಿಲ್ಲ.

ಆದರೆ ನಿಜವಾದ ಜಾಣ್ಮೆ ಇರುವುದು ಮಾತಿನ ಗುಳ್ಳೆಗಳಲ್ಲಿ. ಚಿತ್ರಕಥೆಯಲ್ಲಿ ಪಾತ್ರದ ಬಾಯಿಂದ ಹೊರಟು ಮಾತನ್ನು ಹೊತ್ತು ನಿಲ್ಲುತ್ತದಲ್ಲ, ಆ ಬಿಳಿ ಬಲೂನು. ಹುಡುಗಿಗೆ ಏನೂ ಕೇಳಿಸದಿದ್ದಾಗ ಆ ಗುಳ್ಳೆ ಖಾಲಿ. ಬಾಯಿ ಆಡುತ್ತಿದೆ, ಗುಳ್ಳೆಯೂ ಇದೆ, ಒಳಗೆ ಅಕ್ಷರ ಇಲ್ಲ. ಮಿಷನ್ನಿನ ಬ್ಯಾಟರಿ ಇಳಿಯುತ್ತಾ ಬಂದ ಹಾಗೆ ಅಕ್ಷರಗಳು ಮಸುಕಾಗುತ್ತಾ ಹೋಗುತ್ತವೆ. ಸದ್ದು ಕೇಳಿಸಿ ಮಾತು ತಿಳಿಯದಿದ್ದಾಗ ಗುಳ್ಳೆಯಲ್ಲಿ ಅರ್ಥವಿಲ್ಲದ ಪದಗಳು. ಓದುವ ಮಗು ಒಂದು ಕ್ಷಣ ತಡವರಿಸುತ್ತದೆ, ಪುಟ ಹಿಂದೆ ತಿರುಗಿಸುತ್ತದೆ, ಇದು ಅಚ್ಚಿನ ತಪ್ಪಾ ಅಂತ ನೋಡುತ್ತದೆ. ಆ ತಡವರಿಕೆಯೇ ಪಾಠ. ಕಿವುಡರ ಕಷ್ಟ ಇಂಥದ್ದು ಅಂತ ಯಾರೂ ಹೇಳಿಕೊಡುವುದಿಲ್ಲ. ಓದುಗನೇ ಎರಡು ನಿಮಿಷ ಆ ಕಷ್ಟದೊಳಗೆ ಇದ್ದು ಬರುತ್ತಾನೆ.

ತುಟಿ ಓದುವುದು ಎಂದರೆ ಎಷ್ಟು ಕಷ್ಟ ಅಂತ ತಿಳಿಯಲು ಕನ್ನಡದಲ್ಲೇ ಒಂದು ಪ್ರಯೋಗ ಮಾಡಬಹುದು. ಕನ್ನಡಿಯ ಮುಂದೆ ನಿಂತು, ದನಿ ಹೊರಡಿಸದೆ, 'ಅಪ್ಪ' ಅನ್ನಿ. ಆಮೇಲೆ 'ಅಮ್ಮ' ಅನ್ನಿ. ನೋಡಿದಿರಾ? ತುಟಿಗೆ ಎರಡೂ ಒಂದೇ. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚಿ ಬಿಚ್ಚಿಕೊಳ್ಳುತ್ತದೆ. ಪರ, ಬರ, ಮರ ಮೂರೂ ಒಂದೇ. ಇನ್ನು ಕ, ಗ ಅಂತೂ ಬಾಯೊಳಗೆ ಹಿಂದೆಲ್ಲೋ ಹುಟ್ಟುತ್ತವೆ, ಹೊರಗೆ ಕಾಣುವುದೇ ಇಲ್ಲ. ಹೀಗಾಗಿ ತುಟಿ ಓದುವವರು ಓದುವುದಕ್ಕಿಂತ ಜಾಸ್ತಿ ಊಹೆ ಮಾಡುತ್ತಿರುತ್ತಾರೆ. ಯಾರು ಮಾತಾಡುತ್ತಿದ್ದಾರೆ, ಯಾವ ವಿಷಯ, ಮುಖ ಹೇಗಿದೆ, ಎಲ್ಲವನ್ನೂ ಕೂಡಿಸಿ ಒಂದು ಪದಕ್ಕೆ ಬರಬೇಕು. ಅಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ಮೀಸೆ ಅಡ್ಡ ಬಂದರೆ, ಮಾತಾಡುವವರು ಎಲೆ ಅಡಿಕೆ ಹಾಕಿಕೊಂಡಿದ್ದರೆ ಕಥೆ ಮುಗಿಯಿತು.

ಈ ವಿಷಯ ಗೊತ್ತಿಲ್ಲದವರು ಬರೆದ ಕಥೆಗಳಲ್ಲಿ ಕಿವುಡ ಪಾತ್ರ ಕೋಣೆಯ ಆ ತುದಿಯಲ್ಲಿ ಕೂತು, ಬೆನ್ನು ತಿರುಗಿಸಿ ನಿಂತವರ ಗುಟ್ಟನ್ನೂ ಓದಿಬಿಡುತ್ತದೆ. ಮಾರ್ವೆಲ್ ಕಾಮಿಕ್ಸಿನ 'ಎಕೋ' ಅನ್ನುವ ನಾಯಕಿ 1999ರಲ್ಲಿ ಬಂದವಳು. ಮಾಯಾ ಲೋಪೆಜ್ ಅಂತ ಹೆಸರು, ಕಿವುಡಿ, ಯಾರ ಮೈ ಚಲನೆಯನ್ನಾದರೂ ಒಮ್ಮೆ ನೋಡಿದರೆ ಹಾಗೇ ಮಾಡಬಲ್ಲಳು. ಕಿವಿ ಹೋದರೆ ಕಣ್ಣಿಗೆ ದೈವಶಕ್ತಿ ಬರುತ್ತದೆ ಎಂಬ ಹಳೆಯ ನಂಬಿಕೆಗೆ ಹೊಸ ಅಂಗಿ ಇದು. ಸೂಪರ್‌ಹೀರೊ ಕಥೆ, ಅತಿ ಇದ್ದೇ ಇರುತ್ತದೆ ಅನ್ನಬಹುದು. ಆದರೆ ಹಾಡುವ ಕುರುಡ, ಎಲ್ಲ ಕಾಣುವ ಕಿವುಡ ಅಂತ ಪುಸ್ತಕದಲ್ಲಿ ಓದಿದ ಮಕ್ಕಳು, ಪಕ್ಕದ ಬೆಂಚಿನ ಹುಡುಗಿ ಮೂರು ಸಲ 'ಏನು?' ಅಂದರೆ 'ನಿಂಗೆ ತುಟಿ ಓದೋಕೆ ಬರಲ್ವಾ?' ಅಂತ ಕೇಳುತ್ತಾರೆ. 2024ರಲ್ಲಿ ಎಕೋ ಟೀವಿ ಸರಣಿಯಾಗಿ ಬಂದಾಗ ಆ ಪಾತ್ರ ಮಾಡಿದ ಅಲಾಕ್ವಾ ಕಾಕ್ಸ್ ಸ್ವತಃ ಕಿವುಡರು ಅನ್ನುವುದು ಸಮಾಧಾನದ ಸಂಗತಿ.

ಅತಿಮಾನುಷರಿಗಿಂತ ಮೊದಲು ಇದ್ದದ್ದು ಜೋಕು. ಬೆಲ್ಜಿಯಮ್ಮಿನ ಟಿನ್‌ಟಿನ್ ಚಿತ್ರಕಥೆಗಳನ್ನು ಓದಿದವರಿಗೆ ಪ್ರೊಫೆಸರ್ ಕ್ಯಾಲ್ಕ್ಯುಲಸ್ ಗೊತ್ತು. 1943ರಿಂದ ಆ ಕಥೆಗಳಲ್ಲಿದ್ದಾರೆ. ಶಾರ್ಕ್ ಆಕಾರದ ಜಲಾಂತರ್ಗಾಮಿ ಮಾಡಿದವರು, ಚಂದ್ರನಿಗೆ ರಾಕೆಟ್ ಕಳಿಸಿದವರು. ಆದರೆ ನಮಗೆ ನೆನಪಿರುವುದು ಅವರು ಒಂದಕ್ಕೆ ಇನ್ನೊಂದು ಕೇಳಿಸಿಕೊಂಡು ಕ್ಯಾಪ್ಟನ್ ಹ್ಯಾಡಕ್ ತಲೆ ಕೆಡಿಸುವುದು. ನಾನು ಕಿವುಡ ಅಲ್ಲಪ್ಪ, ಕಿವಿ ಸ್ವಲ್ಪ ಮಂದ ಅಷ್ಟೇ ಎನ್ನುವುದು ಅವರ ಹಟ. ನಮ್ಮ ದೊಡ್ಡಪ್ಪನದೂ ಇದೇ ಹಟ, ಸಾಯುವ ತನಕ! ಇದರಲ್ಲಿ ತಮಾಷೆ ಇಲ್ಲ ಅಂತ ನಾನು ಹೇಳಲಾರೆ. ಈಗಲೂ ನಗು ಬರುತ್ತದೆ. ಒಂದು ಮಾತು ಮಾತ್ರ ಗಮನಿಸಬೇಕು. ಆ ಪುಟಗಳಲ್ಲಿ ಹ್ಯಾಡಕ್ ಹೇಳಿದ್ದು ಏನು ಅಂತ ಓದುಗನಿಗೆ ಪೂರ್ತಿ ಕಾಣುತ್ತದೆ, ಕ್ಯಾಲ್ಕ್ಯುಲಸ್‌ಗೆ ಮಾತ್ರ ಕಾಣುವುದಿಲ್ಲ. ನಾವು ಯಾವಾಗಲೂ ಕೇಳಿಸುವವರ ಪಕ್ಷದಲ್ಲಿ ನಿಂತು ನೋಡುತ್ತೇವೆ. 'ಎಲ್ ಡೆಫೊ' ಮಾಡಿದ್ದು ಇಷ್ಟೇ, ನಮ್ಮನ್ನು ಎತ್ತಿ ಆ ಕಡೆ ಕೂರಿಸಿತು.

ನಮ್ಮಲ್ಲೂ ಜೋಕುಗಳಿಗೆ ಬರ ಇಲ್ಲ. ಕಿವುಡ ಅತ್ತೆ, ಕಿವುಡ ಸೊಸೆ, ಕಿವುಡ ಭಿಕ್ಷುಕ. ಕಾಯಿಲೆ ಬಿದ್ದ ಗೆಳೆಯನನ್ನು ನೋಡಲು ಹೋಗುವ ಕಿವುಡನ ಕಥೆ ನೀವೂ ಕೇಳಿರುತ್ತೀರಿ. ದಾರಿಯಲ್ಲೇ ಉತ್ತರಗಳನ್ನು ಜೋಡಿಸಿಕೊಂಡು ಹೋಗುತ್ತಾನೆ. 'ಹೇಗಿದ್ದೀಯಪ್ಪ?' ಎಂದು ಕೇಳಿದರೆ ಅವನು 'ಪರವಾಗಿಲ್ಲ' ಅನ್ನುತ್ತಾನೆ, ನಾನು 'ಬಹಳ ಸಂತೋಷ' ಅನ್ನಬೇಕು. ಅಲ್ಲಿ ನೋಡಿದರೆ ಆ ರೋಗಿ 'ಸಾಯ್ತಾ ಇದ್ದೀನಿ' ಅನ್ನುತ್ತಾನೆ. ಇವನು 'ಬಹಳ ಸಂತೋಷ' ಅನ್ನುತ್ತಾನೆ. 'ಔಷಧಿ ಯಾರದು?' 'ಯಮಂದು.' 'ಒಳ್ಳೆ ಕೈಗುಣ ಬಿಡು.' ಚಿಕ್ಕಂದಿನಲ್ಲಿ ಇದನ್ನು ಎಷ್ಟು ಸಲ ಹೇಳಿಸಿಕೊಂಡು ನಕ್ಕಿದ್ದೇನೋ. ಈಗ ಯೋಚಿಸಿದರೆ, ಈ ಕಥೆ ಕಟ್ಟಿದವನಿಗೆ ಕಿವುಡರ ಬದುಕು ಹತ್ತಿರದಿಂದ ಗೊತ್ತಿತ್ತು ಅನಿಸುತ್ತದೆ. ಉತ್ತರಗಳನ್ನು ಮೊದಲೇ ಸಿದ್ಧ ಮಾಡಿಕೊಳ್ಳುವುದು, ತಿಳಿಯದಿದ್ದರೂ ತಲೆ ಆಡಿಸುವುದು, ಎಲ್ಲರೂ ನಕ್ಕಾಗ ತಾನೂ ನಗುವುದು, ಇವೆಲ್ಲ ಕೇಳಿಸುವವರ ನಡುವೆ ಕಿವುಡರು ದಿನಾ ಮಾಡುವ ಕೆಲಸ. 'ಹಾವಾ?' ಅಂದ ಮೇಲೆ ದೊಡ್ಡಪ್ಪ ನಮ್ಮ ಜೊತೆ ನಗುತ್ತಿದ್ದರಲ್ಲ, ನಾವು ಯಾಕೆ ನಗುತ್ತಿದ್ದೇವೆ ಅಂತ ಪ್ರತಿ ಸಲವೂ ಅವರಿಗೆ ಗೊತ್ತಿತ್ತು ಅಂತ ನನಗೀಗ ನಂಬಿಕೆ ಇಲ್ಲ.

ಕನ್ನಡ ಸಾಹಿತ್ಯದಲ್ಲಿ ಕಿವುಡು ಹೆಚ್ಚಾಗಿ ಒಂದು ಉಪಮೆ. ಬಸವಣ್ಣನವರು ಮತ್ತೊಂದನ್ನು ಕೇಳದಂತೆ ತನ್ನನ್ನು ಕಿವುಡನನ್ನಾಗಿ ಮಾಡು ಅಂತ ಕೂಡಲಸಂಗಮನನ್ನು ಬೇಡುತ್ತಾರೆ. ಪತ್ರಿಕೆಯವರಿಗೆ ಅಧಿಕಾರಿಗಳ 'ಜಾಣ ಕಿವುಡು' ಇಲ್ಲದೆ ದಿನ ಹೋಗುವುದಿಲ್ಲ. ಮನೆ ಮಾತಿನಲ್ಲಿ 'ನೀನೇನು ಕೆಪ್ಪನಾ?' ಅನ್ನುವುದು ಬೈಗುಳ. ಇವುಗಳನ್ನೆಲ್ಲ ತೆಗೆದುಹಾಕಿ ಅಂತ ನಾನು ಹೇಳುತ್ತಿಲ್ಲ, ಭಾಷೆ ಹಾಗೆಲ್ಲ ಕೇಳುವುದೂ ಇಲ್ಲ. ಆದರೆ ನೀವು ಚಿಕ್ಕಂದಿನಿಂದ ಓದಿದ ಕನ್ನಡದ ಮಕ್ಕಳ ಕಥೆಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಕಿವುಡ ಹುಡುಗನೋ ಹುಡುಗಿಯೋ ಮರ ಹತ್ತಿದ್ದು, ಜಗಳ ಆಡಿದ್ದು, ಸುಳ್ಳು ಹೇಳಿ ಸಿಕ್ಕಿಬಿದ್ದದ್ದು ಯಾವುದಾದರೂ ಬರುತ್ತದಾ? ನನಗೆ ಜೋಕುಗಳೇ ಬರುತ್ತವೆ. 2011ರ ಜನಗಣತಿಯಲ್ಲಿ ಕಿವಿ ಕೇಳಿಸದವರು ದೇಶದಲ್ಲಿ 50 ಲಕ್ಷಕ್ಕೂ ಜಾಸ್ತಿ, ಕರ್ನಾಟಕದಲ್ಲೇ 2 ಲಕ್ಷಕ್ಕೂ ಜಾಸ್ತಿ. ಕಥೆಗೆ ಜನ ಸಿಗದೇ ಇಲ್ಲ.

ಅಮೆರಿಕದ ಕಾಮಿಕ್ಸಿನವರಿಗೆ ಈ ವಿಷಯದಲ್ಲಿ ಕಣ್ಣು ತೆರೆಸಿದ್ದು ಒಬ್ಬ ನಾಲ್ಕು ವರ್ಷದ ಹುಡುಗ. 2012ರ ಮಾತು. ಸೂಪರ್‌ಹೀರೊಗಳು ಯಾರೂ ಕಿವಿಗೆ ಮಿಷನ್ ಹಾಕುವುದಿಲ್ಲ, ನಾನೂ ಹಾಕಲ್ಲ ಅಂತ ಹಟ ಹಿಡಿದ. ಅವನ ತಾಯಿ ಮಾರ್ವೆಲ್ ಕಂಪನಿಗೆ ಪತ್ರ ಬರೆದರು. ಕಂಪನಿಯ ಕಲಾವಿದರು 'ಬ್ಲೂ ಇಯರ್' ಅಂತ ಹೊಸ ವೀರನನ್ನೇ ಬರೆದು ಕಳಿಸಿದರು, ನೀಲಿ ಮಿಷನ್ ಹಾಕಿದವನು. ಜೊತೆಗೆ ಹಾಕೈ ಅನ್ನುವ ಹಳೆಯ ಬಿಲ್ಲುಗಾರನ ನೆನಪು ಮಾಡಿಕೊಟ್ಟರು. 1983ರ ಕಥೆಯಲ್ಲೇ ಅವನ ಕಿವಿ ಹಾಳಾಗಿ, ಮಿಷನ್ ಹಾಕಿಕೊಂಡಿದ್ದ. ಆಮೇಲಿನ ಬರಹಗಾರರು ಅವನ ಕಿವಿ ಸರಿಮಾಡಿ ಆ ವಿಷಯವನ್ನೇ ಮರೆತಿದ್ದರು. ಕಾಮಿಕ್ಸಿನಲ್ಲಿ ಹೀಗಾಗುವುದು ಹೊಸದಲ್ಲ, ಸತ್ತವರೇ ಎದ್ದು ಬರುತ್ತಾರೆ, ಕಿವಿ ಯಾವ ಲೆಕ್ಕ!

2014ರಲ್ಲಿ ಬರಹಗಾರ ಮ್ಯಾಟ್ ಫ್ರಾಕ್ಷನ್ ಮತ್ತು ಚಿತ್ರಕಾರ ಡೇವಿಡ್ ಆಹಾ ಸೇರಿ ಹಾಕೈಗೆ ಮತ್ತೆ ಕಿವುಡು ಬರಿಸಿದರು. ಆ ಸರಣಿಯ 19ನೇ ಸಂಚಿಕೆಯನ್ನು ಚಿತ್ರಕಥೆ ಬರೆಯುವ ಆಸೆ ಇರುವವರು ಹುಡುಕಿ ನೋಡಬೇಕು. ಪುಟ ಪುಟ ಮಾತಿನ ಗುಳ್ಳೆಗಳು ಖಾಲಿ. ಅಣ್ಣ ತಮ್ಮ ಸನ್ನೆ ಭಾಷೆಯಲ್ಲಿ ಮಾತಾಡುತ್ತಾರೆ, ಕೈಗಳನ್ನು ನಿಘಂಟಿನಲ್ಲಿ ಇರುವ ಹಾಗೆ ಬಿಡಿಸಿದ್ದಾರೆ. ಅದರ ಕೆಳಗೆ ಅರ್ಥ ಕೊಟ್ಟಿಲ್ಲ. ಸನ್ನೆ ಭಾಷೆ ಗೊತ್ತಿದ್ದವರಿಗೆ ತಿಳಿಯುತ್ತದೆ, ಉಳಿದವರು ಊಹೆ ಮಾಡಿಕೊಳ್ಳಬೇಕು. ದುಡ್ಡು ಕೊಟ್ಟು ಕೊಂಡ ಓದುಗನಿಗೆ ಹೀಗೆ ಮಾಡಲು ಧೈರ್ಯ ಬೇಕು. ಸನ್ನೆ ಭಾಷೆ ಆಡುವ ಕಿವುಡ ಓದುಗರಿಗೆ ಪೂರ್ತಿ ತಿಳಿಯುವ ಪುಟ ಅದು. ಅವರ ಬದುಕಿನಲ್ಲಿ ಅಂಥ ಪುಟ ಎಷ್ಟು ಬಂದಿರುತ್ತದೆ ಹೇಳಿ?

ಜಪಾನಿನ ದಾರಿ ಬೇರೆ. ಯೋಶಿತೋಕಿ ಓಯಿಮಾ ಅವರ 'ಎ ಸೈಲೆಂಟ್ ವಾಯ್ಸ್' ಅನ್ನುವ ಚಿತ್ರಕಥೆ 2013ರಿಂದ 2014ರ ತನಕ ವಾರಪತ್ರಿಕೆಯಲ್ಲಿ ಬಂತು, 2016ರಲ್ಲಿ ಸಿನಿಮಾ ಆಯಿತು. ನಮ್ಮಲ್ಲಿ ಅನಿಮೆ, ಅಂದರೆ ಜಪಾನಿ ಕಾರ್ಟೂನು, ನೋಡುವ ಹೈಸ್ಕೂಲು ಮಕ್ಕಳಲ್ಲಿ ಸುಮಾರು ಜನ ಇದನ್ನು ನೋಡಿರುತ್ತಾರೆ. ಶೊಕೊ ಅನ್ನುವ ಕಿವುಡ ಹುಡುಗಿ ಹೊಸದಾಗಿ ಶಾಲೆಗೆ ಬರುತ್ತಾಳೆ. ಒಂದು ನೋಟ್‌ಬುಕ್ ತೋರಿಸಿ, ಇದರಲ್ಲಿ ಬರೆದು ನನ್ನ ಜೊತೆ ಮಾತಾಡಿ ಎನ್ನುತ್ತಾಳೆ. ಶೋಯಾ ಅನ್ನುವ ಹುಡುಗ ಅವಳನ್ನು ಗೋಳು ಹುಯ್ದುಕೊಳ್ಳುತ್ತಾನೆ, ಕಿವಿಯ ಮಿಷನ್ ಕಿತ್ತು ಎಸೆಯುತ್ತಾನೆ. ಉಳಿದ ಮಕ್ಕಳು, ಟೀಚರು, ಎಲ್ಲರೂ ನೋಡಿಯೂ ನೋಡದ ಹಾಗೆ ಇರುತ್ತಾರೆ. ವರ್ಷಗಳ ಮೇಲೆ ಅವನೇ ಸನ್ನೆ ಭಾಷೆ ಕಲಿತು ಅವಳನ್ನು ಹುಡುಕಿಕೊಂಡು ಬರುತ್ತಾನೆ. ಕಿವುಡ ಮಗುವಿಗೆ ಹಿಂಸೆ ಕೊಡುವ ಕಥೆ ಅಚ್ಚು ಹಾಕಲು ಪ್ರಕಾಶಕರೇ ಹಿಂಜರಿದಿದ್ದರು. ಕೊನೆಗೆ ಜಪಾನಿನ ಕಿವುಡರ ಒಕ್ಕೂಟದ ಜೊತೆ ಮಾತಾಡಿದ ಮೇಲೆಯೇ ಅದು ಹೊರಬಂತು. ಓಯಿಮಾ ಅವರ ತಾಯಿ ಸನ್ನೆ ಭಾಷೆಯ ದುಭಾಷಿ. ಅದಕ್ಕೇ ಇರಬೇಕು, ಚಿತ್ರದಲ್ಲಿ ಕೈಗಳು ಸುಮ್ನೆ ಗಾಳಿಯಲ್ಲಿ ಆಡುವುದಿಲ್ಲ, ಮಾತಾಡುತ್ತವೆ.

ಅದರಲ್ಲಿ ಒಂದು ಘಟನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಶೊಕೊ ಒಮ್ಮೆ ಸನ್ನೆ ಬಿಟ್ಟು ಬಾಯಿಂದಲೇ ಹೇಳಲು ಹೋಗುತ್ತಾಳೆ, ನೀನಂದ್ರೆ ಇಷ್ಟ ಅಂತ. ಜಪಾನಿ ಭಾಷೆಯಲ್ಲಿ 'ಸುಕಿ'. ಹುಡುಗನಿಗೆ ಕೇಳಿಸುವುದು 'ತ್ಸುಕಿ', ಅಂದರೆ ಚಂದ್ರ. ಅವನು ತಲೆ ಎತ್ತಿ ಆಕಾಶ ನೋಡಿ, ಹೌದು, ಚೆನ್ನಾಗಿದೆ ಚಂದ್ರ ಎನ್ನುತ್ತಾನೆ. ಹಾಲು ಹಾವಾಗುವ ಅದೇ ಹಳೇ ಜೋಕು, ಆದರೆ ಇಲ್ಲಿ ತಪ್ಪಾಗಿ ಕೇಳಿಸಿಕೊಂಡವನು ಕಿವಿ ಕೇಳಿಸುವವನು.

ಇಷ್ಟಾದರೂ ಈ ಕಥೆಯ ಮೇಲೆ ನನಗೊಂದು ತಕರಾರಿದೆ. ಏಳು ಸಂಪುಟಗಳಲ್ಲಿ ಹೆಚ್ಚು ಜಾಗ ಸಿಕ್ಕಿರುವುದು ಹಿಂಸೆ ಕೊಟ್ಟ ಹುಡುಗನ ಪಶ್ಚಾತ್ತಾಪಕ್ಕೆ. ಶೊಕೊ ಬಹಳ ಸಲ ಕ್ಷಮಿಸುವ, ಕ್ಷಮೆ ಕೇಳುವ, ಅಳುವ ಹುಡುಗಿ. ಅವಳಿಗೆ ಕೆಟ್ಟ ಸಿಟ್ಟು ಬಂದದ್ದು ಕಡಿಮೆ. ಕೇಳಿಸುವವರು ಬರೆಯುವ ಎಷ್ಟೋ ಕಥೆಗಳ ಹಣೆಬರಹ ಇದು. ಕಿವುಡ ಪಾತ್ರ ಬೇರೆಯವರನ್ನು ಒಳ್ಳೆಯವರನ್ನಾಗಿ ಮಾಡಲು ಬರುತ್ತದೆ. 'ಎಲ್ ಡೆಫೊ'ದ ಹುಡುಗಿ ಹಾಗಲ್ಲ. ಅವಳಿಗೆ ಹೊಟ್ಟೆಕಿಚ್ಚಿದೆ, ಜಂಬ ಇದೆ, ಸನ್ನೆ ಭಾಷೆ ಕಲಿಯಲು ಕರೆದುಕೊಂಡು ಹೋದ ಅಮ್ಮನ ಮೇಲೆ ಉರಿದುಬೀಳುತ್ತಾಳೆ. ಅದೊಂದು ವಿಷಯಕ್ಕೆ ಕಿವುಡ ಓದುಗರಲ್ಲೇ ಕೆಲವರಿಗೆ ಬೇಸರ ಆಗಬಹುದು. ಆದರೆ ಸೀಸೀ ಬೆಲ್ ಪುಸ್ತಕದ ಕೊನೆಯಲ್ಲಿ, ಇದು ನನ್ನ ಒಬ್ಬಳ ಕಥೆ, ಕಿವುಡರೆಲ್ಲ ಒಂದೇ ಥರ ಅಲ್ಲ, ಸನ್ನೆ ಭಾಷೆಯನ್ನೇ ತಮ್ಮ ಭಾಷೆ ಅಂತ ಬದುಕುವವರೂ ಇದ್ದಾರೆ ಎಂಬರ್ಥದ ಮಾತನ್ನು ಬರೆದಿದ್ದಾರೆ. 2015ರಲ್ಲಿ ಈ ಪುಸ್ತಕಕ್ಕೆ ಅಮೆರಿಕದ ಮಕ್ಕಳ ಸಾಹಿತ್ಯಕ್ಕೆ ಕೊಡುವ ನ್ಯೂಬೆರಿ ಗೌರವ ಸಿಕ್ಕಿತು, ಕಾಮಿಕ್ಸಿಗೆ ಕೊಡುವ ಐಸ್ನರ್ ಪ್ರಶಸ್ತಿಯೂ ಬಂತು.

ಈಗ ಎರಡನೇ ಪ್ರಶ್ನೆ. ಇದು ಸ್ವಲ್ಪ ಇರುಸುಮುರುಸಿನ ಪ್ರಶ್ನೆ. ಈ ಪುಸ್ತಕಗಳನ್ನೆಲ್ಲ ಓದುವವರು ಯಾರು?

ಕಿವಿ ಕೇಳಿಸುವ ಮಗು ಒಂದನೇ ತರಗತಿಗೆ ಬರುವಾಗಲೇ ಅದಕ್ಕೆ ಕನ್ನಡ ಬರುತ್ತದೆ. ಅದು ಶಾಲೆಯಲ್ಲಿ ಕಲಿಯುವುದು ಅಕ್ಷರ ಮಾತ್ರ. 'ಮರದಿಂದ', 'ಮರಕ್ಕೆ', 'ಮರದಲ್ಲಿ' ಇವುಗಳ ವ್ಯತ್ಯಾಸ ಯಾರೂ ಹೇಳಿಕೊಡದೆ, ಅಜ್ಜಿ ಬೈಯುವುದನ್ನು ಕೇಳಿಯೇ ಅದಕ್ಕೆ ಬಂದಿರುತ್ತದೆ. ಹುಟ್ಟು ಕಿವುಡ ಮಗುವಿಗೆ ಇದು ಯಾವುದೂ ಇಲ್ಲ. ಕಿವುಡ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಂದಿ ಹುಟ್ಟುವುದು ಕಿವಿ ಕೇಳಿಸುವ ತಂದೆ ತಾಯಿಗೆ. ಆ ಮನೆಯಲ್ಲಿ ಯಾರಿಗೂ ಸನ್ನೆ ಭಾಷೆ ಬರುವುದಿಲ್ಲ. ಮಾತೂ ಕಿವಿಗೆ ಬೀಳದೆ, ಸನ್ನೆಯೂ ಕಣ್ಣಿಗೆ ಬೀಳದೆ ಮೂರು ನಾಲ್ಕು ವರ್ಷ ಕಳೆದುಹೋಗುತ್ತದೆ. ಆಮೇಲೆ ಶಾಲೆಯಲ್ಲಿ ಒಮ್ಮೆಗೇ ಬರೆದ ಕನ್ನಡ ಎದುರಾಗುತ್ತದೆ. ನಮಗೆ ತಮಿಳೋ ತೆಲುಗೋ ಒಂದು ಮಾತೂ ಕೇಳಿಸದೆ ಬರೀ ಪುಸ್ತಕ ಕೊಟ್ಟು ಕಲಿ ಅಂದರೆ ಹೇಗಿರುತ್ತದೆ? ಹಾಗೆ.

ಸನ್ನೆ ಭಾಷೆ ಅಂದರೆ ಕನ್ನಡವನ್ನೇ ಕೈಯಲ್ಲಿ ಹೇಳುವುದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ. ಭಾರತೀಯ ಸನ್ನೆ ಭಾಷೆಗೆ ಅದರದ್ದೇ ವ್ಯಾಕರಣ ಇದೆ. ಪ್ರಶ್ನೆಯ ಪದ ವಾಕ್ಯದ ಕೊನೆಗೆ ಬರುತ್ತದೆ. 'ಯಾರು ಬಂದರು?' ಅನ್ನುವುದು 'ಬಂದದ್ದು ಯಾರು?' ಅನ್ನುವ ಥರ ಆಗುತ್ತದೆ. ಹುಬ್ಬು, ಕಣ್ಣು, ತಲೆ ಎಲ್ಲವೂ ವ್ಯಾಕರಣದ ಭಾಗ. ಒಂದೇ ಸನ್ನೆ, ಹುಬ್ಬು ಏರಿಸಿದರೆ ಪ್ರಶ್ನೆ, ಏರಿಸದಿದ್ದರೆ ಬರೀ ಹೇಳಿಕೆ. ಮಗುವಿಗೆ ಮೊದಲು ಈ ಭಾಷೆ ಸಿಕ್ಕರೆ ಆಮೇಲೆ ಕನ್ನಡವೋ ಇಂಗ್ಲಿಷೋ ಕಲಿಯಲು ಕಾಲೂರಲು ಒಂದು ನೆಲ ಇರುತ್ತದೆ.

ಸರ್ಕಾರದ ಕಡೆಯಿಂದ ಸ್ವಲ್ಪ ಕೆಲಸ ಆಗಿದೆ. ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ 2015ರಲ್ಲಿ ಶುರುವಾಯಿತು. ಅದರ ನಿಘಂಟು 2018ರಲ್ಲಿ 3,000 ಪದಗಳಿಂದ ಹೊರಟು 2021ಕ್ಕೆ 10,000 ಪದ ಮುಟ್ಟಿತು. 2020ರಲ್ಲಿ ಎನ್‌ಸಿಇಆರ್‌ಟಿ ಜೊತೆ ಒಪ್ಪಂದ ಆಗಿ ಪಠ್ಯಪುಸ್ತಕಗಳನ್ನು ಸನ್ನೆ ಭಾಷೆಯ ವಿಡಿಯೊ ಮಾಡುವ ಕೆಲಸ ನಡೆದಿದೆ. ನಮ್ಮ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಮಾನಸಗಂಗೋತ್ರಿಯ ಆ ಕಟ್ಟಡಕ್ಕೆ ಎಲ್ಲೆಲ್ಲಿಂದಲೋ ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ. ಪಠ್ಯ ಆಯಿತು, ಪರೀಕ್ಷೆ ಆಯಿತು, ಮಿಷನ್ ಆಯಿತು. ಸುಮ್ನೆ ಮಧ್ಯಾಹ್ನ ಕಾಲು ಚಾಚಿಕೊಂಡು ಓದುವ ಕಥೆ ಪುಸ್ತಕ?

ಇಲ್ಲೇ ಚಿತ್ರಕಥೆ ನಿಜವಾಗಿ ಕೆಲಸಕ್ಕೆ ಬರುವುದು. ಗದ್ಯದಲ್ಲಿ ಒಂದು ವಿಭಕ್ತಿ ತಪ್ಪಿದರೆ ಮಗು ವಾಕ್ಯದಿಂದಲೇ ಹೊರಗೆ ಬೀಳುತ್ತದೆ. ಚಿತ್ರಕಥೆಯಲ್ಲಿ ಚಿತ್ರ ಕೈ ಹಿಡಿದುಕೊಂಡಿರುತ್ತದೆ. ಬ್ರಯನ್ ಸೆಲ್ಜ್‌ನಿಕ್ 2011ರ 'ವಂಡರ್‌ಸ್ಟ್ರಕ್' ಪುಸ್ತಕದಲ್ಲಿ ಇದನ್ನು ಇನ್ನೂ ಮುಂದೆ ಒಯ್ದರು. ಅದರಲ್ಲಿ ಎರಡು ಕಥೆ. 1977ರ ಹುಡುಗನ ಕಥೆ ಅಕ್ಷರದಲ್ಲಿ, 1927ರ ಕಿವುಡ ಹುಡುಗಿಯ ಕಥೆ ಬರೀ ಪೆನ್ಸಿಲ್ ಚಿತ್ರದಲ್ಲಿ. 1927 ಯಾಕೆ ಅಂದರೆ ಸಿನಿಮಾ ಮಾತು ಕಲಿತ ಹೊತ್ತು ಅದು. ಮೂಕಿ ಚಿತ್ರಗಳ ಕಾಲದಲ್ಲಿ ಕಿವುಡರೂ ಕೇಳಿಸುವವರೂ ಒಂದೇ ಸಾಲಿನಲ್ಲಿ ಕೂತು ಒಂದೇ ಸಿನಿಮಾ ನೋಡುತ್ತಿದ್ದರು. ಟಾಕಿ ಬಂತು ಅಂತ ಊರೆಲ್ಲ ಹಬ್ಬ ಮಾಡಿತು, ಕಿವುಡರಿಗೆ ಥಿಯೇಟರಿನ ಬಾಗಿಲು ಮುಚ್ಚಿತು. ನಮ್ಮ 'ಸತಿ ಸುಲೋಚನಾ' 1934ರಲ್ಲಿ ಬಂದಾಗಲೂ ಹೀಗೇ ಯಾರಾದರೂ ಸುಮ್ಮನೆ ಮನೆಗೆ ಹೋಗಿರುತ್ತಾರೆ ಅಲ್ವಾ? ನಾನು ಈ ತನಕ ಆ ಕಡೆಯಿಂದ ಯೋಚಿಸಿಯೇ ಇರಲಿಲ್ಲ.

ಕನ್ನಡದಲ್ಲಿ ಇಂಥ ಕಥೆ ಬರೆಯಲು ಅಮೆರಿಕದ ಕಡೆ ನೋಡಬೇಕಾಗಿಲ್ಲ. ಒಮ್ಮೆ ನೋಡಿ ವಾಪಸ್ ಬಂದರೆ ಸಾಕು. ಆನ್ ಕ್ಲೇರ್ ಲೆಝಾಟ್ ಅನ್ನುವ ಕಿವುಡ ಲೇಖಕಿ 2020ರಲ್ಲಿ 'ಶೋ ಮಿ ಎ ಸೈನ್' ಅಂತ ಒಂದು ಮಕ್ಕಳ ಕಾದಂಬರಿ ಬರೆದರು. ಅದು 1805ರ ಕಥೆ, ಮಾರ್ಥಾಸ್ ವಿನ್ಯಾರ್ಡ್ ಅನ್ನುವ ದ್ವೀಪದ ಚಿಲ್‌ಮಾರ್ಕ್ ಹಳ್ಳಿಯದ್ದು. ಆ ಹಳ್ಳಿಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಕಿವುಡು ಬರುತ್ತಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಸುಮಾರು 25 ಜನರಲ್ಲಿ ಒಬ್ಬರು ಕಿವುಡರು. ಹಾಗಾಗಿ ಊರಿನವರಿಗೆಲ್ಲ ಸನ್ನೆ ಭಾಷೆ ಬರುತ್ತಿತ್ತು, ಕಿವಿ ಕೇಳಿಸುವವರಿಗೂ. ಕಥೆಯ ಹುಡುಗಿಗೆ ತನ್ನಲ್ಲಿ ಏನೋ ಕೊರತೆ ಇದೆ ಅಂತ ಊರು ಬಿಟ್ಟು ಹೊರಗೆ ಹೋಗುವ ತನಕ ಅನಿಸುವುದೇ ಇಲ್ಲ. ಆ ಭಾಷೆ ಆಡುತ್ತಾ ಬೆಳೆದ ಕೊನೆಯ ಕಿವುಡರು 1952ರಲ್ಲಿ ತೀರಿಕೊಂಡರು.

ಚಿಕ್ಕಬಳ್ಳಾಪುರ ಜಿಲ್ಲೆ, ಗೌರಿಬಿದನೂರು ತಾಲ್ಲೂಕು, ಅಲಿಪುರ. ಬೆಂಗಳೂರಿನಿಂದ ಎರಡು ಗಂಟೆಯ ದಾರಿ. ಶಿಯಾ ಮುಸ್ಲಿಮರು ಹೆಚ್ಚಾಗಿರುವ ಊರು. ತಮ್ಮ ತಮ್ಮಲ್ಲೇ ಮದುವೆ, ಹಾಗಾಗಿ ಇಲ್ಲೂ ಕಿವುಡು ಮನೆತನಗಳಲ್ಲಿ ಹರಿದು ಬಂದಿದೆ. ಮತ್ತೆ ಚಿಲ್‌ಮಾರ್ಕಿನ ಹಾಗೇ ಇಲ್ಲೂ ಊರಿನದ್ದೇ ಒಂದು ಸನ್ನೆ ಭಾಷೆ ಹುಟ್ಟಿದೆ. ಭಾಷಾ ವಿಜ್ಞಾನಿಗಳು ಅದನ್ನು ಅಲಿಪುರ ಸನ್ನೆ ಭಾಷೆ ಅಂತಲೇ ಕರೆಯುತ್ತಾರೆ. ಸಿಬಾಜಿ ಪಂಡಾ ಅನ್ನುವ ಸಂಶೋಧಕರು ಅದರ ಬಗ್ಗೆ ಬರೆದದ್ದು 2012ರಲ್ಲಿ ಪ್ರಕಟವಾಗಿದೆ. ಅಂದರೆ ಹೊರದೇಶದ ವಿದ್ವಾಂಸರಿಗೂ ಈ ಊರು ಗೊತ್ತು. ಗೌರಿಬಿದನೂರು ಬಸ್ಸಿನಲ್ಲಿ ಓಡಾಡುವ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಆ ಊರಿನ ಹುಡುಗಿಯೊಬ್ಬಳು ಮೊದಲ ಸಲ ಬಸ್ಸು ಹತ್ತಿ ಪೇಟೆಗೆ ಹೋಗುವುದೇ ಸಾಕು, ಕಾದಂಬರಿ ಅಲ್ಲೇ ಇದೆ. ಬರೆಯುವವರು ಆ ಊರಿನವರೇ ಆದರೆ ಇನ್ನೂ ಚೆನ್ನ.

ಕನ್ನಡದಲ್ಲಿ ಚಿತ್ರಕಥೆ ಮಾಡುವವರಿಗೆ ಒಂದು ಅನುಕೂಲವೂ ಇದೆ. ನಮ್ಮ ಮಕ್ಕಳ ಕಥೆಗಳು ಸದ್ದಿನ ಮೇಲೆ ನಿಂತಿವೆ ನಿಜ. ಢಂ, ದಬಕ್, ಗುಡುಗುಡು, ಪಟಪಟ. ಕಿವುಡ ಮಗುವಿಗೆ ಇವು ಬರೀ ಗೀಚು. ಆದರೆ ಕನ್ನಡದ ಜೋಡಿ ಪದಗಳೆಲ್ಲ ಕಿವಿಗೆ ಸೇರಿದವಲ್ಲ. ಥಳಥಳ, ಮಿಣಮಿಣ, ನಿಗಿನಿಗಿ ಕಣ್ಣಿನವು. ಚುರುಚುರು, ಗದಗದ, ಜುಮ್ ಮೈಯವು. ಕೆಂಡ ನಿಗಿನಿಗಿ ಅನ್ನುವುದಕ್ಕೆ ಕಿವಿ ಬೇಕಾಗಿಲ್ಲ. ರೈಲು ಬಂದಾಗ 'ಧಡಧಡ' ಅನ್ನುವ ಅಕ್ಷರಗಳನ್ನು ಪ್ಲಾಟ್‌ಫಾರಮ್ಮಿನ ಕಲ್ಲಿನ ಮೇಲೆ, ಹುಡುಗಿಯ ಅಂಗಾಲಿನ ಕೆಳಗೆ ಬರೆದರೆ ಅದು ಸದ್ದಲ್ಲ, ನಡುಕ. ಇಂಗ್ಲಿಷ್ ಕಾಮಿಕ್ಸ್ ನೋಡಿ ಕಲಿತ ಅಭ್ಯಾಸದಲ್ಲಿ ನಾವು ಸದ್ದಿನ ಅಕ್ಷರಗಳನ್ನು ಗಾಳಿಯಲ್ಲಿ ತೇಲಿಸುತ್ತೇವೆ. ಸ್ವಲ್ಪ ಕೆಳಗಿಳಿಸಿದರೆ ಸಾಕು.

ಹೋದ ವರ್ಷ ಊರಿಗೆ ಹೋದಾಗ 'ಎಲ್ ಡೆಫೊ' ನನ್ನ ಚೀಲದಲ್ಲಿತ್ತು. ದೊಡ್ಡಪ್ಪ ಹೋಗಿ ಹನ್ನೊಂದು ವರ್ಷ ಆಯಿತು. ದೊಡ್ಡಮ್ಮ ಜಗಲಿಯಲ್ಲಿ ಕೂತು ಪುಸ್ತಕ ತಿರುವಿ ಹಾಕಿದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ.

"ಮೊಲಕ್ಕೆ ಯಾಕೋ ಎದೆಗೆ ರೇಡಿಯೊ ಕಟ್ಟಿದ್ದಾರೆ?" ಅಂದರು.

ಹೇಳಿದೆ. ಖಾಲಿ ಗುಳ್ಳೆಗಳ ಪುಟಕ್ಕೆ ಬಂದಾಗ ನಾನೇನೂ ಹೇಳಬೇಕಾಗಲಿಲ್ಲ. ಬೆರಳಿಟ್ಟು, "ಇವಳಿಗೂ ಕೇಳ್ಸಲ್ಲ" ಅಂದರು. ಗೆಳತಿಯ ಮನೆಯ ಆ ರಾತ್ರಿಗೆ ಬಂದು ಬಹಳ ಹೊತ್ತು ನಿಂತರು. ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದರು.

"ಪಾಪ, ದೀಪ ಯಾಕೆ ಆರಿಸಿದ್ರು?"